ರಾಯಭಾರಿಗೇ ಹೇಳಿರಲಿಲ್ಲ! ಅನತೋಲಿ ಡೊಬ್ರಿನಿನ್ ಮತ್ತು ವಾಷಿಂಗ್ಟನ್ನಿನ ಇಪ್ಪತ್ತನಾಲ್ಕು ವರ್ಷ

ರಾಯಭಾರ ಎಂದೊಡನೆ ನಮಗೆ ಥಟ್ಟನೆ ನೆನಪಾಗುವುದು ಕೃಷ್ಣ ಸಂಧಾನ. ರಾತ್ರಿಯಿಡೀ ಕೂತು ತಾಳಮದ್ದಳೆ ಕೇಳಿದವರಿಗಂತೂ ಕೃಷ್ಣ-ಕೌರವರ ಸಂವಾದವೆಂದರೆ ಮಾತಿನ ಹಬ್ಬ. ಆದರೆ ಕೃಷ್ಣನನ್ನು ಮಾದರಿ ರಾಯಭಾರಿ ಎನ್ನುವುದು ಸ್ವಲ್ಪ ಕಷ್ಟ. ಅವನಿಗೆ ಎಲ್ಲವೂ ಗೊತ್ತು, ಮುಂದೆ ಆಗಲಿರುವುದೂ ಗೊತ್ತು. ನಿಜಜೀವನದ ರಾಯಭಾರಿಗಳು ಹೆಚ್ಚಾಗಿ ಸಂಜಯನ ಪೈಕಿಯವರು. ಅದೇ ಉದ್ಯೋಗಪರ್ವದಲ್ಲಿ, ಕೃಷ್ಣನಿಗಿಂತ ಮೊದಲು, ಧೃತರಾಷ್ಟ್ರ ಸಂಜಯನನ್ನು ಪಾಂಡವರ ಬಳಿಗೆ ಕಳಿಸುತ್ತಾನೆ. ಶಾಂತಿಯ ಮಾತಾಡಿ ಬಾ ಎನ್ನುತ್ತಾನೆ. ರಾಜ್ಯ ಕೊಡುವ ವಿಷಯವನ್ನು ಮಾತ್ರ ಎತ್ತುವುದಿಲ್ಲ. ಪಾಪ, ಸಂಜಯ ಬರಿಗೈಯಲ್ಲಿ ಹೋಗಿ ಒಳ್ಳೆಯ ಮಾತಾಡಿ ಬರಬೇಕು.

ಇಪ್ಪತ್ತನೆಯ ಶತಮಾನದ ಅಂಥ ಒಬ್ಬ ಸಂಜಯನ ಕಥೆ ಇದು. ಹೆಸರು ಅನತೋಲಿ ಡೊಬ್ರಿನಿನ್. 1962ರಿಂದ 1986ರವರೆಗೆ ವಾಷಿಂಗ್ಟನ್ನಿನಲ್ಲಿ ಸೋವಿಯತ್ ಒಕ್ಕೂಟದ ರಾಯಭಾರಿಯಾಗಿದ್ದವರು. ಕೆನಡಿ, ಜಾನ್ಸನ್, ನಿಕ್ಸನ್, ಫೋರ್ಡ್, ಕಾರ್ಟರ್, ರೇಗನ್ ಹೀಗೆ ಆರು ಅಮೆರಿಕನ್ ಅಧ್ಯಕ್ಷರನ್ನು ಕಂಡವರು. ಅತ್ತ ಮಾಸ್ಕೋದಲ್ಲಿ ಕ್ರುಶ್ಚೇವ್‌ನಿಂದ ಗೋರ್ಬಚೇವ್‌ವರೆಗೆ ಐವರು ನಾಯಕರು ಬಂದುಹೋದರು. ಯಜಮಾನರು ಬದಲಾದರು, ನಡುವೆ ನಿಂತ ಮನುಷ್ಯ ಬದಲಾಗಲಿಲ್ಲ.

ವಿಮಾನದ ಇಂಜಿನಿಯರ್

ನಮ್ಮ ಬಳಗದಲ್ಲಿ ಅರ್ಧಕ್ಕರ್ಧ ಜನ ಇಂಜಿನಿಯರುಗಳೇ ಆದ್ದರಿಂದ ಈ ಸಂಗತಿ ನಿಮಗೆ ಇಷ್ಟವಾದೀತು: ಡೊಬ್ರಿನಿನ್ ಕೂಡ ಇಂಜಿನಿಯರ್. 1919ರ ನವೆಂಬರ್ 16ರಂದು ಮಾಸ್ಕೋ ಸಮೀಪದ ಒಂದು ಹಳ್ಳಿಯಲ್ಲಿ, ಕಾರ್ಮಿಕ ಕುಟುಂಬದಲ್ಲಿ ಹುಟ್ಟಿದರು. ಮಾಸ್ಕೋದ ವಿಮಾನಯಾನ ಸಂಸ್ಥೆಯಲ್ಲಿ ಓದಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಯಾಕೊವ್ಲೆವ್ ಯುದ್ಧವಿಮಾನಗಳ ವಿನ್ಯಾಸ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದರು.

1944ರಲ್ಲಿ ಪಕ್ಷದಿಂದ ಕರೆ ಬಂತು. ರಾಜತಾಂತ್ರಿಕರನ್ನು ತಯಾರು ಮಾಡುವ ಶಾಲೆಗೆ ಸೇರಬೇಕು ಎಂದರು. ವಿಮಾನದ ನಕ್ಷೆ ಬರೆಯುತ್ತಿದ್ದ ಯುವಕನಿಗೆ ಇದರಲ್ಲಿ ಆಸಕ್ತಿಯೇನೂ ಇರಲಿಲ್ಲ. ಆದರೆ ಸ್ಟಾಲಿನ್ ಕಾಲದಲ್ಲಿ "ಯೋಚಿಸಿ ಹೇಳುತ್ತೇನೆ" ಎನ್ನುವ ಸೌಕರ್ಯ ಯಾರಿಗಿತ್ತು? ಸೇರಿದರು. 1946ರಲ್ಲಿ ವಿದೇಶಾಂಗ ಖಾತೆಗೆ ಬಂದರು. 1952ರಲ್ಲಿ ಮೊದಲ ಸಲ ವಾಷಿಂಗ್ಟನ್ನಿಗೆ ಬಂದು ದೂತಾವಾಸದಲ್ಲಿ ಕೆಲಸ ಮಾಡಿದರು. ನಂತರ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಉಪ ಮಹಾಕಾರ್ಯದರ್ಶಿ, ಆಮೇಲೆ ಮಾಸ್ಕೋದಲ್ಲಿ ಅಮೆರಿಕ ವಿಭಾಗದ ಮುಖ್ಯಸ್ಥ. 1962ರ ವಸಂತದಲ್ಲಿ ರಾಯಭಾರಿಯಾಗಿ ಮತ್ತೆ ವಾಷಿಂಗ್ಟನ್ನಿಗೆ ಬಂದಾಗ ವಯಸ್ಸು ನಲವತ್ತೆರಡು. ಚೆನ್ನಾಗಿ ಇಂಗ್ಲಿಷ್ ಮಾತಾಡುವ, ನಗುಮುಖದ, ಎತ್ತರದ ಮನುಷ್ಯ. ಹುಬ್ಬು ಗಂಟಿಕ್ಕಿದ ಸೋವಿಯತ್ ಅಧಿಕಾರಿಗಳನ್ನೇ ನೋಡಿದ್ದ ಅಮೆರಿಕನ್ನರಿಗೆ ಇದೊಂದು ಹೊಸ ನಮೂನೆ.

ಗೊತ್ತಿಲ್ಲದ ಕ್ಷಿಪಣಿಗಳು

ಬಂದು ಆರು ತಿಂಗಳಾಗುವಷ್ಟರಲ್ಲಿ ಕ್ಯೂಬಾ ಪ್ರಕರಣ ಶುರುವಾಯಿತು. ಕ್ರುಶ್ಚೇವ್ ಗುಟ್ಟಾಗಿ ಕ್ಯೂಬಾಕ್ಕೆ ಅಣ್ವಸ್ತ್ರ ಕ್ಷಿಪಣಿಗಳನ್ನು ಸಾಗಿಸುತ್ತಿದ್ದರು. ಸೋವಿಯತ್ ಹಡಗುಗಳ ಓಡಾಟ ಕಂಡು ಅಮೆರಿಕನ್ನರಿಗೆ ಗುಮಾನಿ ಬಂದಿತ್ತು. ಸೆಪ್ಟೆಂಬರ್ ಮೊದಲ ವಾರದಲ್ಲಿ ಡೊಬ್ರಿನಿನ್ ಅಧ್ಯಕ್ಷರ ತಮ್ಮ, ಅಟಾರ್ನಿ ಜನರಲ್ ರಾಬರ್ಟ್ ಕೆನಡಿಯನ್ನು ಭೇಟಿಯಾದರು. ಕ್ಯೂಬಾದಲ್ಲಿ ಅಮೆರಿಕದ ಮೇಲೆ ದಾಳಿ ಮಾಡಬಲ್ಲ ಕ್ಷಿಪಣಿಗಳಿರುವುದಿಲ್ಲ ಎಂದು ಕ್ರುಶ್ಚೇವ್ ಪರವಾಗಿ ಭರವಸೆ ಕೊಟ್ಟರು. ಅದು ಸುಳ್ಳು. ಸುಳ್ಳೆಂದು ಅದನ್ನು ಹೇಳಿದವರಿಗೇ ಗೊತ್ತಿರಲಿಲ್ಲ!

ಅಕ್ಟೋಬರ್ 14ರಂದು ಯು-2 ವಿಮಾನ ಕ್ಷಿಪಣಿ ನೆಲೆಗಳ ಫೋಟೋ ತೆಗೆಯಿತು. 18ರಂದು ವಿದೇಶಾಂಗ ಮಂತ್ರಿ ಗ್ರೊಮಿಕೊ ಶ್ವೇತಭವನದಲ್ಲಿ ಕೆನಡಿಯವರನ್ನು ಕಂಡರು. ಕ್ಷಿಪಣಿಗಳ ವಿಷಯ ಗ್ರೊಮಿಕೊ ಬಾಯಿ ಬಿಡಲಿಲ್ಲ, ಫೋಟೋಗಳ ವಿಷಯ ಕೆನಡಿ ಬಾಯಿ ಬಿಡಲಿಲ್ಲ. ಅಷ್ಟೇ ಆಗಿದ್ದರೆ ಇದು ರಾಜಕೀಯದ ಮಾಮೂಲು ಚದುರಂಗ. ಆದರೆ ಗ್ರೊಮಿಕೊ ತಮ್ಮದೇ ರಾಯಭಾರಿಗೂ ಏನೂ ಹೇಳದೆ ಊರಿಗೆ ಹೊರಟರು.

22ರ ಸೋಮವಾರ ಸಂಜೆ ಆರು ಗಂಟೆಗೆ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಡೀನ್ ರಸ್ಕ್ ಡೊಬ್ರಿನಿನ್‌ರನ್ನು ಕರೆಸಿದರು. ಇನ್ನೊಂದು ಗಂಟೆಯಲ್ಲಿ ಕೆನಡಿ ಟಿವಿಯಲ್ಲಿ ಮಾಡಲಿದ್ದ ಭಾಷಣದ ಪ್ರತಿಯನ್ನು ಕೈಗಿತ್ತರು. ಓದುತ್ತಾ ಓದುತ್ತಾ ಆ ಮನುಷ್ಯ ತಮ್ಮ ಕಣ್ಣೆದುರೇ ಹತ್ತು ವರ್ಷ ಮುದುಕರಾದಂತೆ ಕಂಡಿತು ಎಂದು ರಸ್ಕ್ ಮುಂದೆ ನೆನೆದರು. ತನ್ನ ದೇಶ ಜಗತ್ತನ್ನು ಅಣುಯುದ್ಧದ ಅಂಚಿಗೆ ತಂದು ನಿಲ್ಲಿಸಿದೆ ಎಂಬ ಸುದ್ದಿ ರಾಯಭಾರಿಗೆ ತಲುಪಿದ್ದು ಎದುರಾಳಿಯ ಕೈಯಿಂದ.

ಮರುದಿನ ರಾತ್ರಿ ರಾಬರ್ಟ್ ಕೆನಡಿ ದೂತಾವಾಸಕ್ಕೇ ಬಂದರು. ಸಿಟ್ಟಿನಲ್ಲಿದ್ದರು. "ನೀವೇ ಭರವಸೆ ಕೊಟ್ಟಿದ್ದಿರಲ್ಲ?" ಎಂಬುದು ಅವರ ಪ್ರಶ್ನೆಯ ಸಾರ. ಮಾಸ್ಕೋ ತಿಳಿಸಿದ್ದನ್ನು ಹೇಳಿದ್ದೆ, ಅದಕ್ಕಿಂತ ಹೆಚ್ಚು ನನಗೆ ತಿಳಿದಿಲ್ಲ ಎಂಬುದಷ್ಟೇ ಡೊಬ್ರಿನಿನ್ ಕೊಡಬಹುದಾಗಿದ್ದ ಉತ್ತರ. ರಾಯಭಾರಿಯ ಬಳಿ ಸೈನ್ಯವಿಲ್ಲ, ಖಜಾನೆಯಿಲ್ಲ. ಅವನ ಮಾತನ್ನು ಎದುರಿನವರು ನಂಬುತ್ತಾರೆ ಎಂಬುದೊಂದೇ ಅವನ ಬಂಡವಾಳ. ಆ ಬಂಡವಾಳವನ್ನು ಅವನ ಸರ್ಕಾರವೇ ಕೇಳದೆ ಖರ್ಚು ಮಾಡಿದರೆ? ವಿಚಿತ್ರವೆಂದರೆ ಡೊಬ್ರಿನಿನ್‌ರನ್ನು ಉಳಿಸಿದ್ದು ಅವರ ಅಜ್ಞಾನವೇ. ಇವರಿಗೂ ಗೊತ್ತಿರಲಿಲ್ಲ ಎಂದು ರಾಬರ್ಟ್ ಕೆನಡಿಗೆ ಅನಿಸಿತು. ಹಾಗಾಗಿ ನಾಲ್ಕು ದಿನಗಳ ನಂತರ ಮತ್ತೆ ಅವರನ್ನೇ ಕರೆದರು.

ಸೈಕಲ್ ಹುಡುಗ

ಅಕ್ಟೋಬರ್ 27ರ ಶನಿವಾರ. ಕ್ಯೂಬಾದ ಮೇಲೆ ಒಂದು ಯು-2 ವಿಮಾನವನ್ನು ಹೊಡೆದುರುಳಿಸಿ, ಮೇಜರ್ ರುಡಾಲ್ಫ್ ಆಂಡರ್ಸನ್ ಸತ್ತಿದ್ದರು. ಅಮೆರಿಕದ ಸೇನಾಧಿಕಾರಿಗಳು ದಾಳಿಗೆ ಒತ್ತಾಯಿಸುತ್ತಿದ್ದರು. ರಾತ್ರಿ ಎಂಟರ ಹೊತ್ತಿಗೆ ರಾಬರ್ಟ್ ಕೆನಡಿ ತಮ್ಮ ಕಚೇರಿಯಲ್ಲಿ ಡೊಬ್ರಿನಿನ್‌ರೊಡನೆ ಒಬ್ಬರೇ ಕೂತರು. ನೀವು ಕ್ಷಿಪಣಿ ತೆಗೆಯಿರಿ, ನಾವು ಕ್ಯೂಬಾದ ಮೇಲೆ ದಂಡೆತ್ತಿ ಹೋಗುವುದಿಲ್ಲ ಎಂಬುದು ಬಹಿರಂಗ ಪ್ರಸ್ತಾಪ. ಹಾಗಾದರೆ ಟರ್ಕಿಯಲ್ಲಿ ನಮ್ಮತ್ತ ಗುರಿಯಿಟ್ಟ ನಿಮ್ಮ ಜೂಪಿಟರ್ ಕ್ಷಿಪಣಿಗಳ ಕಥೆಯೇನು ಎಂದು ಡೊಬ್ರಿನಿನ್ ಕೇಳಿದರು. ನಾಲ್ಕೈದು ತಿಂಗಳಲ್ಲಿ ಅವನ್ನೂ ತೆಗೆಯುತ್ತೇವೆ, ಆದರೆ ಈ ಮಾತು ಹೊರಗೆ ಹೋಗಕೂಡದು ಎಂದರು ಕೆನಡಿ. ನ್ಯಾಟೋ ಮಿತ್ರರನ್ನು ಕೇಳದೆ ಅವರ ರಕ್ಷಣೆಯನ್ನು ಮಾರಿಕೊಂಡರು ಎಂಬ ಅಪವಾದ ಅಧ್ಯಕ್ಷರಿಗೆ ಬೇಕಿರಲಿಲ್ಲ.

ಡೊಬ್ರಿನಿನ್ ಹದಿನಾರನೆಯ ಬೀದಿಯ ದೂತಾವಾಸಕ್ಕೆ ಧಾವಿಸಿ ವರದಿ ಬರೆದರು. ಅದನ್ನು ಸಂಕೇತ ಭಾಷೆಗೆ ಇಳಿಸಿದ್ದಾಯಿತು. ಮುಂದೇನು? ಮಾಸ್ಕೋಗೆ ನೇರ ಸಂಪರ್ಕವೇ ಇರಲಿಲ್ಲ! ವೆಸ್ಟರ್ನ್ ಯೂನಿಯನ್ ಕಂಪನಿಗೆ ಫೋನ್ ಮಾಡಬೇಕು, ಒಬ್ಬ ಹುಡುಗ ಸೈಕಲ್ ಮೇಲೆ ಬರುತ್ತಾನೆ, ಟೆಲಿಗ್ರಾಂ ಹಾಳೆಗಳನ್ನು ತೆಗೆದುಕೊಂಡು ಹೋಗುತ್ತಾನೆ. ದಾರಿಯಲ್ಲಿ ಯಾವುದಾದರೂ ಹುಡುಗಿಯ ಜೊತೆ ಹರಟುತ್ತಾ ನಿಂತುಬಿಡದಿರಲಿ ಎಂದು ತಾವೆಲ್ಲ ಬೇಡಿಕೊಳ್ಳುತ್ತಿದ್ದೆವು ಎಂದು ಡೊಬ್ರಿನಿನ್ ಮುಂದೆ ನಗುತ್ತಾ ಹೇಳುತ್ತಿದ್ದರು. ನಗೆಯ ಹಿಂದಿನ ಭಯವನ್ನು ನಾವು ಊಹಿಸಿಕೊಳ್ಳಬೇಕು. ಖಂಡಗಳನ್ನು ದಾಟಿ ಹೊಡೆಯುವ ಕ್ಷಿಪಣಿ ಅರ್ಧ ಗಂಟೆಯಲ್ಲಿ ಮುಟ್ಟುತ್ತದೆ; ಅದನ್ನು ತಡೆಯಬೇಕಾದ ಮಾತು ಸೈಕಲ್ ತುಳಿಯುತ್ತಾ ಹೋಗಬೇಕು.

ಮಾಸ್ಕೋ ಹೊರವಲಯದ ಬಂಗಲೆಯಲ್ಲಿ ಭಾನುವಾರ ನಾಯಕರ ಸಭೆ ಸೇರಿತ್ತು. ಕ್ರುಶ್ಚೇವ್ ಆಗಲೇ ಹಿಂದೆ ಸರಿಯುವ ಕಡೆ ವಾಲಿದ್ದರು ಎನ್ನುತ್ತಾರೆ ಇತಿಹಾಸಕಾರರು. ಸಭೆಯ ನಡುವೆ ಡೊಬ್ರಿನಿನ್ ವರದಿ ತಲುಪಿದಾಗ, ಸಮಯ ಎಷ್ಟು ಕಡಿಮೆಯಿದೆ ಎಂಬುದು ಎಲ್ಲರಿಗೂ ಸ್ಪಷ್ಟವಾಯಿತು. ಒಪ್ಪಿಗೆಯ ಪತ್ರವನ್ನು ಟೆಲಿಗ್ರಾಂ ನಂಬಿ ಕಳಿಸದೆ ಮಾಸ್ಕೋ ರೇಡಿಯೋದಲ್ಲೇ ಓದಿಸಿದರು. ಇದರಿಂದ ಕಲಿತ ಪಾಠವೇ 1963ರ ಆಗಸ್ಟ್ 30ರಂದು ಶುರುವಾದ ಹಾಟ್‌ಲೈನ್. ಅಂದಹಾಗೆ, ಸಿನಿಮಾಗಳಲ್ಲಿ ತೋರಿಸುವ ಕೆಂಪು ಫೋನು ಅದಲ್ಲ. ಅದು ಅಕ್ಷರಗಳನ್ನು ಟೈಪ್ ಮಾಡಿ ಕಳಿಸುವ ಟೆಲಿಪ್ರಿಂಟರ್. ಫೋನಿನಲ್ಲಿ ಅವಸರದ ಮಾತು ಅಪಾರ್ಥಕ್ಕೆ ದಾರಿ, ಬರೆದದ್ದಾದರೆ ಓದಿ ಯೋಚಿಸಬಹುದು ಎಂಬುದು ಲೆಕ್ಕಾಚಾರ.

ವಾಪಸು ಬಂದ ಪತ್ರ

ಕಥೆ ಇಲ್ಲಿಗೆ ಮುಗಿಯಲಿಲ್ಲ. 29ರಂದು ಡೊಬ್ರಿನಿನ್ ಕ್ರುಶ್ಚೇವ್‌ರ ಗುಪ್ತ ಪತ್ರವೊಂದನ್ನು ರಾಬರ್ಟ್ ಕೆನಡಿಗೆ ತಲುಪಿಸಿದರು. ಅದರಲ್ಲಿ ಟರ್ಕಿಯ ಒಪ್ಪಂದದ ಪ್ರಸ್ತಾಪವಿತ್ತು. ಮರುದಿನ ಕೆನಡಿ ಆ ಪತ್ರವನ್ನು ಹಿಂದಿರುಗಿಸಿಬಿಟ್ಟರು. ಇಂಥದ್ದು ಕಾಗದದ ಮೇಲೆ ಇರಬಾರದು, ಮುಂದೊಂದು ದಿನ ಹೊರಬಿದ್ದರೆ ತಮ್ಮ ರಾಜಕೀಯ ಭವಿಷ್ಯಕ್ಕೇ ಪೆಟ್ಟು ಎಂದು ಬಿಚ್ಚಿ ಹೇಳಿದರು. ಡೊಬ್ರಿನಿನ್ ಪತ್ರ ವಾಪಸು ತೆಗೆದುಕೊಂಡರು. ಜಗತ್ತಿನ ಅತಿ ದೊಡ್ಡ ಒಪ್ಪಂದಗಳಲ್ಲೊಂದು ಸಹಿಯಿಲ್ಲದೆ, ಬರಿಯ ಬಾಯಿಮಾತಿನ ಮೇಲೆ ನಿಂತಿತು. 1963ರ ಏಪ್ರಿಲ್ ಹೊತ್ತಿಗೆ ಟರ್ಕಿಯಿಂದ ಜೂಪಿಟರ್ ಕ್ಷಿಪಣಿಗಳು ಸದ್ದಿಲ್ಲದೆ ಹೊರಬಿದ್ದವು. ಮಾತು ಉಳಿಯಿತು.

ಆದರೆ ಗುಟ್ಟಿಗೂ ಒಂದು ಬೆಲೆಯಿತ್ತು, ಅದನ್ನು ತೆತ್ತವರು ಬೇರೆಯವರು. ವಿಶ್ವಸಂಸ್ಥೆಯಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಅಡ್ಲಾಯ್ ಸ್ಟೀವನ್ಸನ್ ಆರಂಭದಲ್ಲೇ ಟರ್ಕಿಯ ಕ್ಷಿಪಣಿಗಳನ್ನು ಬಿಟ್ಟುಕೊಟ್ಟು ರಾಜಿಯಾಗೋಣ ಎಂದಿದ್ದರು. ಆ ಡಿಸೆಂಬರಿನಲ್ಲಿ ಪತ್ರಿಕೆಯೊಂದರಲ್ಲಿ ಬಂದ ಲೇಖನ ಅವರನ್ನು ಹಿಟ್ಲರನಿಗೆ ಮಣಿದ ಮ್ಯೂನಿಕ್ ಒಪ್ಪಂದದ ಸಾಲಿಗೆ ಸೇರಿಸಿತು. ಅಧ್ಯಕ್ಷರು ಗುಟ್ಟಾಗಿ ಮಾಡಿದ್ದನ್ನೇ ಸೂಚಿಸಿದವರು ಬಹಿರಂಗವಾಗಿ ಹೇಡಿ ಎನಿಸಿಕೊಂಡರು! ಸಾಮಾನ್ಯ ಜನ ಕಲಿತ ಪಾಠವೂ ತಪ್ಪಿತು. ಕೆನಡಿ ಕಣ್ಣು ಮಿಟುಕಿಸದೆ ನಿಂತರು, ರಷ್ಯನ್ನರು ಹೆದರಿ ಓಡಿದರು, ಆದ್ದರಿಂದ ಗಟ್ಟಿಯಾಗಿ ನಿಂತರೆ ಗೆಲುವು ಖಚಿತ ಎಂಬ ಕಥೆ ಅಮೆರಿಕದಲ್ಲಿ ಬೇರೂರಿತು.

ರಾಬರ್ಟ್ ಕೆನಡಿಯ 'ಥರ್ಟೀನ್ ಡೇಸ್' ಪುಸ್ತಕ ಅವರ ಕೊಲೆಯ ನಂತರ, 1969ರಲ್ಲಿ ಹೊರಬಂತು. ಅದನ್ನು ಸಂಪಾದಿಸಿದವರು ಅಧ್ಯಕ್ಷ ಕೆನಡಿಯ ಆಪ್ತ ಸಲಹೆಗಾರ ಟೆಡ್ ಸೊರೆನ್ಸನ್. 1989ರ ಜನವರಿಯಲ್ಲಿ ಹಳೆಯ ಎದುರಾಳಿಗಳೆಲ್ಲ ಮಾಸ್ಕೋದಲ್ಲಿ ಒಂದು ಸಮ್ಮೇಳನಕ್ಕೆ ಸೇರಿದಾಗ, ಟರ್ಕಿಯ ಮಾತು ಬರಿಯ ಸೂಚನೆಯಲ್ಲ, ಸ್ಪಷ್ಟ ಒಪ್ಪಂದವಾಗಿತ್ತು ಎಂದು ಡೊಬ್ರಿನಿನ್ ಹೇಳಿದರು. ಆಗ ಸೊರೆನ್ಸನ್ ಎದ್ದು, ಮೂಲ ದಿನಚರಿಯಲ್ಲಿ ಅದು ಸ್ಪಷ್ಟವಾಗಿಯೇ ಇತ್ತು, ಪುಸ್ತಕ ಮಾಡುವಾಗ ತಾವೇ ತೆಗೆದುಹಾಕಿದ್ದು ಎಂದು ಒಪ್ಪಿಕೊಂಡರು. ಇಪ್ಪತ್ತಾರು ವರ್ಷ ಕಳೆದಿತ್ತು. ಅಷ್ಟು ಹೊತ್ತಿಗೆ ವಿಯೆಟ್ನಾಂ ಯುದ್ಧವೂ ಮುಗಿದುಹೋಗಿತ್ತು.

ಕೇಳಿಸಿದರೂ ಕೇಳದ ಮಾತು

ಮಾತು ತಲುಪಿಸುವುದು ಬೇರೆ, ಅದು ಎದುರಿನವರ ತಲೆಗೆ ಇಳಿಯುವುದು ಬೇರೆ. 1968ರ ಆಗಸ್ಟ್ 20ರ ರಾತ್ರಿ ಡೊಬ್ರಿನಿನ್ ಅಧ್ಯಕ್ಷ ಜಾನ್ಸನ್‌ರನ್ನು ಕಾಣಲು ಹೋದರು. ಸೋವಿಯತ್ ಪಡೆಗಳು ಜೆಕೊಸ್ಲೊವಾಕಿಯಾಕ್ಕೆ ನುಗ್ಗುತ್ತಿವೆ ಎಂಬ ಸಂದೇಶವನ್ನು ಓದಿ ಹೇಳಿದರು. ಜಾನ್ಸನ್ ತಮ್ಮ ಲೆನಿನ್‌ಗ್ರಾಡ್ ಪ್ರವಾಸವನ್ನು ಮರುದಿನ ಬೆಳಿಗ್ಗೆ ಘೋಷಿಸುವ ಹುಮ್ಮಸ್ಸಿನಲ್ಲಿದ್ದರು. ಸಂದೇಶಕ್ಕೆ ವಂದನೆ ಹೇಳಿ, ಪ್ರವಾಸದ ಮಾತಿಗೆ ತಿರುಗಿ, ಕುಡಿಯಲು ಕೊಟ್ಟು, ಟೆಕ್ಸಾಸಿನ ಕಥೆಗಳನ್ನು ಹೇಳತೊಡಗಿದರು. ಡೊಬ್ರಿನಿನ್‌ಗೆ ನಂಬಲಾಗಲಿಲ್ಲ. ಕೆಲವೇ ಗಂಟೆಗಳಲ್ಲಿ ಅಮೆರಿಕನ್ನರಿಗೆ ವಿಷಯ ಮನದಟ್ಟಾಗಿ ಪ್ರವಾಸ ರದ್ದಾಯಿತು.

ಇಲ್ಲೊಂದು ಮಾತು ಹೇಳಲೇಬೇಕು. ಡೊಬ್ರಿನಿನ್‌ರನ್ನು ಶಾಂತಿದೂತರನ್ನಾಗಿ ಚಿತ್ರಿಸಿದರೆ ಅನ್ಯಾಯವಾದೀತು. ಪ್ರಾಗ್ ನಗರದ ಬೀದಿಗಳಲ್ಲಿ ಟ್ಯಾಂಕುಗಳು ಓಡಾಡಿದ್ದನ್ನು ಸಮರ್ಥಿಸುವುದೂ ಅವರ ಕೆಲಸವಾಗಿತ್ತು, ಅವರು ಮಾಡಿದರು. ಅದೇ ವರ್ಷದ ಚುನಾವಣೆಯಲ್ಲಿ ನಿಕ್ಸನ್ ಎದುರಾಳಿ ಹಂಫ್ರಿಗೆ ಗುಟ್ಟಾಗಿ ಹಣಸಹಾಯ ಕೊಡುವ ಪ್ರಸ್ತಾಪ ಮಾಡಲು ಮಾಸ್ಕೋ ಆದೇಶಿಸಿತು. ಇದು ಅಪಾಯಕಾರಿ ಎಂದು ಡೊಬ್ರಿನಿನ್ ತಕರಾರು ತೆಗೆದರೂ ಕೊನೆಗೆ ಹೋಗಿ ಮಾತೆತ್ತಿದರು. ಪೂರ್ತಿ ಹೇಳುವ ಮೊದಲೇ ಹಂಫ್ರಿ ಅರ್ಥಮಾಡಿಕೊಂಡು ನಯವಾಗಿ ಬೇಡವೆಂದರು. ಇದನ್ನೆಲ್ಲ ಡೊಬ್ರಿನಿನ್ ತಮ್ಮ ಆತ್ಮಕಥೆಯಲ್ಲಿ ತಾವೇ ಬರೆದಿದ್ದಾರೆ. ಒಪ್ಪದ ಆದೇಶವನ್ನು ಪಾಲಿಸಿದ, ಆದರೆ ಒಪ್ಪಲಿಲ್ಲ ಎಂಬುದನ್ನು ದಾಖಲಿಸಿದ ನೌಕರ ಅವರು.

ಈಗ ಅಮೆರಿಕನ್ನರ ಸರದಿ

1969ರಲ್ಲಿ ನಿಕ್ಸನ್ ಬಂದರು, ಜೊತೆಗೆ ಕಿಸಿಂಜರ್. ವಿದೇಶಾಂಗ ಖಾತೆಯನ್ನು ಬದಿಗಿಟ್ಟು ಕಿಸಿಂಜರ್ ಮತ್ತು ಡೊಬ್ರಿನಿನ್ ನೇರವಾಗಿ ಮಾತಾಡುವ ಏರ್ಪಾಡಾಯಿತು. ಅದಕ್ಕೆ 'ದ ಚಾನೆಲ್' ಎಂದೇ ಹೆಸರು ಬಿತ್ತು. ಶ್ವೇತಭವನಕ್ಕೂ ದೂತಾವಾಸಕ್ಕೂ ನಡುವೆ ಇವರಿಬ್ಬರಿಗೇ ಪ್ರತ್ಯೇಕ ಫೋನ್ ಲೈನು ಕೂಡ ಬಂತು. 1972ರ ಮೇ 26ರಂದು ಮಾಸ್ಕೋದಲ್ಲಿ ಸಹಿಯಾದ ಅಣ್ವಸ್ತ್ರ ಮಿತಿ ಒಪ್ಪಂದಗಳ ಗಂಟುಗಳನ್ನು ಬಿಡಿಸಿದ್ದು ಬಹುಮಟ್ಟಿಗೆ ಇಲ್ಲಿ.

ಹತ್ತು ವರ್ಷಗಳ ಹಿಂದೆ ಡೊಬ್ರಿನಿನ್‌ಗೆ ಆದದ್ದು ಈಗ ಅಮೆರಿಕದ ರಾಜತಾಂತ್ರಿಕರಿಗೆ ಆಯಿತು! ಅದೇ ಅಣ್ವಸ್ತ್ರ ಮಾತುಕತೆಗೆಂದು ನೇಮಿಸಿದ ಅಮೆರಿಕನ್ ನಿಯೋಗದ ಮುಖ್ಯಸ್ಥ ಜೆರಾರ್ಡ್ ಸ್ಮಿತ್‌ಗೆ, 1971ರ ಮೇ ತಿಂಗಳ ಮುಖ್ಯ ತೀರ್ಮಾನ ಗೊತ್ತಾಗಿದ್ದು ಘೋಷಣೆಗೆ ಮುಂಚಿನ ಕೊನೆಯ ಗಳಿಗೆಯಲ್ಲಿ. 1972ರ ಏಪ್ರಿಲ್‌ನಲ್ಲಿ ಕಿಸಿಂಜರ್ ಗುಟ್ಟಾಗಿ ಮಾಸ್ಕೋಗೆ ಹೋಗಿ ದಿನಗಟ್ಟಲೆ ಇದ್ದರು. ಅದೇ ಊರಿನಲ್ಲಿದ್ದ ಅಮೆರಿಕದ ರಾಯಭಾರಿ ಜೇಕಬ್ ಬೀಮ್‌ಗೆ ಸುದ್ದಿ ಮುಟ್ಟಿದ್ದು ಭೇಟಿ ಮುಗಿಯುವ ಹೊತ್ತಿಗೆ. ಪ್ರಜಾಪ್ರಭುತ್ವವಾದರೇನು, ಏಕಪಕ್ಷದ ಆಡಳಿತವಾದರೇನು, ತನ್ನ ದೂತನನ್ನೇ ಕತ್ತಲಲ್ಲಿಡುವ ಚಟಕ್ಕೆ ಸಿದ್ಧಾಂತದ ಹಂಗಿಲ್ಲ.

ಈ ಗುಪ್ತ ಮಾತುಕತೆಗಳಿಗೆ ಒಂದು ಅಪರೂಪದ ಮುಂದುವರಿಕೆಯಿದೆ. ಪ್ರತಿ ಭೇಟಿಯ ನಂತರ ಇಬ್ಬರೂ ತಮ್ಮ ತಮ್ಮ ಸರ್ಕಾರಕ್ಕೆ ಟಿಪ್ಪಣಿ ಬರೆಯುತ್ತಿದ್ದರು. 2007ರಲ್ಲಿ ಅಮೆರಿಕ ಮತ್ತು ರಷ್ಯಾದ ವಿದೇಶಾಂಗ ಖಾತೆಗಳು ಸೇರಿ 1969-72ರ ಆ ಟಿಪ್ಪಣಿಗಳನ್ನು ಒಂದೇ ಪುಸ್ತಕದಲ್ಲಿ ಜೊತೆಜೊತೆಯಾಗಿ ಪ್ರಕಟಿಸಿದವು. ಒಂದೇ ಕೋಣೆಯ ಒಂದೇ ಸಂಭಾಷಣೆಯನ್ನು ಎರಡು ಕಡೆಯಿಂದ ಓದುವ ಅವಕಾಶ ಇತಿಹಾಸದ ವಿದ್ಯಾರ್ಥಿಗೆ ಎಷ್ಟು ಸಲ ಸಿಕ್ಕೀತು?

ಗ್ಯಾರೇಜಿನ ಬಾಗಿಲು

ಹಲವು ವರ್ಷಗಳ ಸಲುಗೆಯಿಂದ ಡೊಬ್ರಿನಿನ್‌ಗೆ ಒಂದು ಸೌಲಭ್ಯವಿತ್ತು. ಅವರ ಕಾರು ಅಮೆರಿಕದ ವಿದೇಶಾಂಗ ಖಾತೆಯ ನೆಲಮಾಳಿಗೆಯ ಗ್ಯಾರೇಜಿಗೇ ಹೋಗಬಹುದಿತ್ತು. ಯಾರ ಕಣ್ಣಿಗೂ ಬೀಳದೆ ಲಿಫ್ಟ್ ಹತ್ತಬಹುದಿತ್ತು. 1981ರಲ್ಲಿ ರೇಗನ್ ಸರ್ಕಾರ ಬಂದಾಗ ಹೊಸ ಕಾರ್ಯದರ್ಶಿ ಹೇಗ್ ಅದನ್ನು ನಿಲ್ಲಿಸಿದರು. ಗ್ಯಾರೇಜಿನ ಬಾಯಲ್ಲಿ ಕಾರನ್ನು ತಡೆದು, ಹಿಂದಕ್ಕೆ ತೆಗೆಸಿ, ಎಲ್ಲರಂತೆ ಮುಂಬಾಗಿಲಿನಿಂದ ಬನ್ನಿ ಎಂದರು. ಸಣ್ಣ ವಿಷಯವೇ, ಆದರೆ ಸಂದೇಶ ಸಣ್ಣದಲ್ಲ.

ಎರಡು ವರ್ಷ ಕಳೆಯಿತು. 1983ರ ಫೆಬ್ರವರಿ 15ರಂದು ಹೇಗ್ ನಂತರ ಬಂದ ಜಾರ್ಜ್ ಶುಲ್ಟ್ಜ್, ಯಾರಿಗೂ ಹೇಳದೆ ಡೊಬ್ರಿನಿನ್‌ರನ್ನು ರೇಗನ್ ಬಳಿಗೆ ಕರೆದೊಯ್ದರು. ಮಾಸ್ಕೋದ ಅಮೆರಿಕನ್ ದೂತಾವಾಸದ ನೆಲಮಾಳಿಗೆಯಲ್ಲಿ 1978ರಿಂದ ಏಳು ಜನ ಪೆಂಟೆಕೋಸ್ಟಲ್ ಕ್ರೈಸ್ತರು ಆಶ್ರಯ ಪಡೆದಿದ್ದರು. ಅವರನ್ನು ದೇಶ ಬಿಡಲು ಬಿಡಿ, ನಾನು ಅದನ್ನು ನನ್ನ ಗೆಲುವೆಂದು ಡಂಗುರ ಹೊಡೆಯುವುದಿಲ್ಲ ಎಂದರು ರೇಗನ್. ಡೊಬ್ರಿನಿನ್ ಮಾತು ಮುಟ್ಟಿಸಿದರು. ಆ ವರ್ಷವೇ ಆ ಕುಟುಂಬಗಳು ಹೊರಟವು, ರೇಗನ್ ಬಾಯಿ ಮುಚ್ಚಿಕೊಂಡರು. ಕ್ಯೂಬಾದ ಗುಟ್ಟಿನಂತೆ ಇಲ್ಲಿಯೂ ಗುಟ್ಟೇ. ಆದರೆ ಇದಕ್ಕೆ ಬಲಿಯಾದವರು ಯಾರೂ ಇಲ್ಲ, ಬಿಡುಗಡೆಯಾದವರು ಏಳು ಜನ. ಯಾವ ಗುಟ್ಟು ಯಾರನ್ನು ಕಾಯುತ್ತದೆ, ಅದರ ಬೆಲೆ ಯಾರ ತಲೆಗೆ ಬೀಳುತ್ತದೆ ಎಂದು ನೋಡದೆ, ಗುಪ್ತ ರಾಜತಾಂತ್ರಿಕತೆ ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳಲಾಗದು ಎಂದು ನನಗನಿಸುವುದು ಇದಕ್ಕೇ.

1986ರಲ್ಲಿ ಗೋರ್ಬಚೇವ್ ಅವರನ್ನು ಮಾಸ್ಕೋಗೆ ಕರೆಸಿಕೊಂಡು ಪಕ್ಷದ ಕೇಂದ್ರ ಸಮಿತಿಯ ಕಾರ್ಯದರ್ಶಿಯನ್ನಾಗಿ ಮಾಡಿದರು. ಎರಡು ವರ್ಷದಲ್ಲಿ ಆ ಹುದ್ದೆ ಮುಗಿಯಿತು. 1991ರಲ್ಲಿ ಅವರು ಪ್ರತಿನಿಧಿಸಿದ್ದ ದೇಶವೇ ಇಲ್ಲವಾಯಿತು. 1995ರಲ್ಲಿ 'ಇನ್ ಕಾನ್ಫಿಡೆನ್ಸ್' ಎಂಬ ಆತ್ಮಕಥೆ ಇಂಗ್ಲಿಷಿನಲ್ಲಿ ಬಂತು. 2010ರ ಏಪ್ರಿಲ್ 6ರಂದು, ತೊಂಬತ್ತನೆಯ ವಯಸ್ಸಿನಲ್ಲಿ, ಮಾಸ್ಕೋದಲ್ಲಿ ತೀರಿಕೊಂಡರು.

ಆ ಪುಸ್ತಕದ ಹೆಸರಿಗೆ ಎರಡು ಅರ್ಥ: ಗುಟ್ಟಾಗಿ ಹೇಳಿದ್ದು ಎಂದೂ ಹೌದು, ನಂಬಿಕೆಯಿಂದ ಹೇಳಿದ್ದು ಎಂದೂ ಹೌದು. 1962ರ ಆ ಶನಿವಾರ ರಾತ್ರಿ ಇವೆರಡೂ ಬೇಕಾಗಿದ್ದವು. ದಪ್ಪ ಪುಸ್ತಕ, ಆರುನೂರಕ್ಕೂ ಹೆಚ್ಚು ಪುಟ. ನಮ್ಮ ಕಡೆಯ ಊರ ಗ್ರಂಥಾಲಯಗಳಲ್ಲಿ ಸಿಕ್ಕರೆ ಕ್ಯೂಬಾದ ಅಧ್ಯಾಯವನ್ನಾದರೂ ಓದಿ. ಓದುವಾಗ, ಟೆಲಿಗ್ರಾಂ ಹಾಳೆಗಳನ್ನು ಚೀಲಕ್ಕೆ ತುಂಬಿಕೊಂಡು, ಅದರಲ್ಲೇನಿದೆಯೆಂದು ತಿಳಿಯದೆ, ವಾಷಿಂಗ್ಟನ್ನಿನ ರಾತ್ರಿಯಲ್ಲಿ ಸೈಕಲ್ ತುಳಿದ ಆ ಹುಡುಗನನ್ನೂ ನೆನೆಯಿರಿ. ಅವನಿಗೂ ಯಾರೂ ಏನೂ ಹೇಳಿರಲಿಲ್ಲ. ಆದರೂ ತಲುಪಿಸಿದ.